ಬೇರೆ ತಾಟು

ಆ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದೆ. ನೀರು ಎಡಗಡೆಯಿಂದ ತಾನೇ ಸೋರಿ ಕೊರಳಿಗಿಳಿಯಿತು. ಕನ್ನಡಿ ನೋಡಿದೆ. ಅರ್ಧ ಮುಖ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚಲೊಲ್ಲದು. ಮೂವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಒಂದು ಕಡೆ ಜಗ್ಗಿದ ಕಾಲರ್ ಕಂಡರೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಇದನ್ನೇನು ಮಾಡಲಿ?

ಲಕ್ವಾ ಹೊಡೆಯಿತು ಅಂದುಕೊಂಡೆ.

“ಲಕ್ವಾ ಅಲ್ಲರಿ, ಬೆಲ್ಸ್ ಪಾಲ್ಸಿ. ಮುಖದ ನರ ಬಾತೈತಿ,” ಎಂದರು ರಾಮದುರ್ಗದ ಡಾಕ್ಟರು. “ತಿಂಗಳಗಟ್ಟಲೆ ಹಿಡೀಬಹುದು. ಬಹಳ ಮಂದಿಗೆ ಆರಾಮ ಆಗತೈತಿ.” ಸ್ಟಿರಾಯ್ಡ್ ಗುಳಿಗೆ, ಕಣ್ಣಿಗೆ ಡ್ರಾಪ್ಸ್, ಫಿಜಿಯೊಥೆರಪಿ. ದಿನಾ ಕನ್ನಡಿ ಮುಂದೆ ಕುಳಿತು ಗಲ್ಲ ಉಬ್ಬಿಸಬೇಕು, ನಗಬೇಕು. ಬರದ ನಗುವನ್ನು ಒಬ್ಬಳೇ ನಗುವುದು ಎಂಥ ಶಿಕ್ಷೆಯೆಂದು ಮಾಡಿದವರಿಗೇ ಗೊತ್ತು.

ನಮ್ಮ ಮನೆಯಲ್ಲಿ ಗಂಡಸರು ಮೊದಲು ಉಂಡು ಏಳುತ್ತಾರೆ. ಆಮೇಲೆ ನಾನು, ಮೈದುನನ ಹೆಂಡತಿ ಶಮೀನಾ ಒಂದೇ ದೊಡ್ಡ ತಾಟಿನಲ್ಲಿ ಉಣ್ಣುವುದು. ಆಕೆ ಮದುವೆಯಾಗಿ ಬಂದ ದಿನದಿಂದ ಹಾಗೆಯೇ. ನನಗೆ ಹೀಗಾಗಿ ಒಂದು ವಾರಕ್ಕೆ, ಏನೂ ಹೇಳದೆ, ಆಕೆ ನನ್ನ ಮುಂದೆ ಸಣ್ಣದೊಂದು ತಾಟು ಇಟ್ಟಳು.

ಬೇರೆ ತಾಟು.

ನಾನೂ ಏನೂ ಕೇಳಲಿಲ್ಲ. ಅದನ್ನೆತ್ತಿಕೊಂಡು ಹೊಲಿಗೆ ಮಷಿನ್ ಇರುವ ಕೋಣೆಗೆ ಹೋದೆ. ಅಂದಿನಿಂದ ಊಟ ಅಲ್ಲೇ.

ಎರಡು ತಿಂಗಳ ನಂತರ ರಾಮದುರ್ಗದ ಕಾಲೇಜಿನಲ್ಲಿ ಆಧುನಿಕ ನೃತ್ಯದ ಕಾರ್ಯಕ್ರಮವಿತ್ತು. ಕುಣಿಯುವವರ ಬಟ್ಟೆ ನಾನೇ ಹೊಲಿದಿದ್ದೆ. ಎರಡು ಪಾಸ್ ಕೊಟ್ಟಿದ್ದರು. ಒಲ್ಲೆ ಎಂದರೂ ಶಮೀನಾ ಹಟ ಮಾಡಿ ಕರೆದೊಯ್ದಳು.

ಹಾಡಿಲ್ಲ, ಗೆಜ್ಜೆಯಿಲ್ಲ. ಕಥೆಯೂ ತಿಳಿಯಲಿಲ್ಲ. ತೋಳಿನಡಿ ಎಲ್ಲಿ ಬಿಚ್ಚುತ್ತದೋ ಎಂದು ಮೊದಲು ನನ್ನ ಹೊಲಿಗೆಯನ್ನೇ ನೋಡುತ್ತಿದ್ದೆ. ಆಮೇಲೆ ಒಬ್ಬಳು ನೆಲಕ್ಕೆ ಬಿದ್ದಳು. ಉಳಿದವರು ಆಕೆಯನ್ನು ದಾಟಿ ದಾಟಿ ಕುಣಿದರು, ಬಹಳ ಹೊತ್ತು. ಬಿದ್ದವಳನ್ನೇ ನೋಡುತ್ತಾ ನನಗೆ ಅಳು ಬಂತು. ಕತ್ತಲಿತ್ತು, ಅಷ್ಟೇ ಪುಣ್ಯ.

ಮುಗಿದ ಮೇಲೆ ಖಾನಾವಳಿಗೆ ಹೋದೆವು. ನಾನು ಗೋಡೆಗೆ ಮುಖ ಮಾಡಿ ಕುಳಿತೆ. ಅಲ್ಲಿ ಎಲ್ಲರಿಗೂ ಬೇರೆ ಬೇರೆ ತಾಟು, ನನಗೊಬ್ಬಳಿಗೇ ಅಲ್ಲ. ಅದೇ ಒಂದು ಸಮಾಧಾನ. ರೊಟ್ಟಿಯ ತುತ್ತು ಎಡಗಲ್ಲದಲ್ಲಿ ಸಿಕ್ಕಿಕೊಂಡಿತು, ಬೆರಳು ಹಾಕಿ ತೆಗೆದೆ.

“ಭಾಬಿ, ಇನ್ನ ಎಷ್ಟ ದಿನ ಒಬ್ಬರ ಉಣ್ತೀರಿ?” ಎಂದಳು ಶಮೀನಾ.

“ಬ್ಯಾರೆ ತಾಟ ಇಟ್ಟಾಕಿ ನೀನ. ನಿನಗ ಹೇಸಿಗಿ ಬಂತಲ್ಲ.”

ಆಕೆಯ ಕೈ ನಿಂತಿತು. “ಹೇಸಿಗಿ? ನೀವು ಮಾರಿ ಆ ಕಡೆ ಮಾಡಿ ನುಂಗತಿದ್ರಿ. ನನ್ನ ಮುಂದ ನಾಚಿಕಿ ಆಗತೈತೇನೋ ಅಂತ ಇಟ್ಟೆ. ಎರಡ ತಿಂಗಳಾತು, ನಾನೂ ಒಬ್ಬಾಕೀನ ಉಣ್ಣಾಕ ಹತ್ತೇನಿ.”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ನನ್ನ ರೊಟ್ಟಿ, ಪಲ್ಯ ಎಲ್ಲವನ್ನೂ ಆಕೆಯ ತಾಟಿಗೆ ಸುರಿದೆ.

“ಪಲ್ಯಾ ಸೇರಲಿಲ್ಲೇನ್ರಿ ಅಕ್ಕಾರ?” ಎಂದ ಬಡಿಸುವವನು.

“ಸೇರೈತ್ರಿ. ಇನ್ನೆರಡ ರೊಟ್ಟಿ ತರ್ರಿ,” ಎಂದಳು ಶಮೀನಾ.

ಈಗ ಕಣ್ಣು ಮುಚ್ಚುತ್ತದೆ. ತುಟಿ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಬರದೆಯೂ ಇರಬಹುದು ಅಂದಿದ್ದಾರೆ ಡಾಕ್ಟರು. ಕನ್ನಡಿ ಮುಂದೆ ಈಗಲೂ ಒಬ್ಬಳೇ ಕೂರುತ್ತೇನೆ. ಅದಕ್ಕೆ ಯಾರೂ ಜೊತೆಯಾಗಲಾರರು. ನಿನ್ನೆ ಮಧ್ಯಾಹ್ನ ಉಣ್ಣುವಾಗ ಸಾರು ಗದ್ದಕ್ಕಿಳಿಯಿತು. ಶಮೀನಾ ಸೆರಗಿನ ತುದಿಯಿಂದ ತಾನೇ ಒರೆಸಿ, ತಾಟಿನಲ್ಲಿ ನನ್ನ ಕಡೆಗೆ ಇನ್ನಷ್ಟು ಅನ್ನ ತಳ್ಳಿದಳು.