ಊದುವವರ ಊಟ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕೂತು ಸೋದರಮಾವನಿಗೆ ನಮ್ಮ ಮುಂಬೈ ಪ್ರವಾಸದ ಪಟ್ಟಿ ಓದಿ ಹೇಳುತ್ತಿದ್ದೆ. ಯಳಂದೂರಿನ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಸ್ಯಾಕ್ಸೊಫೋನ್ ಊದಿದ ಅವರಿಗೆ ಜಾಝ್ ಸಂಗೀತವನ್ನು ಎದುರು ಕೂತು ಕೇಳುವ ಆಸೆ. ನನಗೆ ಅಲ್ಲಿನ ಮೀನೂಟದ ಆಸೆ. ಮೊದಲ ಸಂಜೆಗೆ ಎರಡೂ ಒಂದೇ ಕಡೆ ಸಿಗುವಂತೆ ಹೊಂದಿಸಿದ್ದೆ: ವೇದಿಕೆಯ ಮುಂದಿನ ಮೇಜು, ಸಂಗೀತ ಕೇಳುತ್ತಲೇ ಊಟ.

ಮಾವನ ಮುಖ ಸಪ್ಪಗಾಯಿತು.

"ಅವ್ರು ಊದ್ತಾ ಇರುವಾಗ ನಾವು ಉಣ್ಣದಾ? ಬ್ಯಾಡ ಕಣವ್ವ."

"ಅಲ್ಲೆಲ್ಲ ಹಂಗೇ, ಮಾವ."

"ಇಲ್ಲೂ ಅಂಗೇ ಅಲ್ವಾ? ಕೊನೇ ಪಂಕ್ತಿ ಏಳೋಗಂಟ ಊದ್ತಿದ್ವಿ. ಆಮೇಲೆ ನಮ್ಗೆ ಎಲೆ ಆಕೋರು. ಪಾಯ್ಸದ ವಾಸ್ನೆ ಬರೋದು, ಪಾಯ್ಸ ಮಾತ್ರ ಉಳೀತಿರ್ಲಿಲ್ಲ."

ನಗುತ್ತಲೇ ಹೇಳಿದರು. ನಾನು ಪಟ್ಟಿಯಲ್ಲಿ ಆ ಸಾಲು ಹೊಡೆದುಹಾಕಿ, 'ಸಂಗೀತ ಮುಗಿದ ಮೇಲೆ ಊಟ' ಎಂದು ಬರೆದೆ.

ಮೈಸೂರಿನ ಬಸ್ಸು ಬಂತು. ಸೀಟು ಸಿಕ್ಕಿದ್ದೇ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"'ಊಟ ಆಯ್ತಾ ಸಾ' ಅಂತ ಇಂಗ್ಲೀಸಲ್ಲಿ ಎಂಗೆ ಕೇಳಾದು? ಯೋಳ್ಕೊಡು."

ಹೇಳಿಕೊಟ್ಟೆ. ಈಗ ನರಸೀಪುರ ದಾಟಿದೆ. ಮಾವ ಕಿಟಕಿಯ ಕಡೆ ತಿರುಗಿಕೊಂಡು, ತುಟಿಯಲ್ಲೇ ಅದನ್ನು ಬಾಯಿಪಾಠ ಮಾಡುತ್ತಿದ್ದಾರೆ.