ತಂಗಿಯ ಪಕ್ಕದ ಎಲೆ

ನನ್ನ ತಂಗಿಯನ್ನು ಗುಬ್ಬಿಗೆ ಕೊಟ್ಟಿದ್ದೆವು. ಎರಡನೆಯ ಬಸುರಿನಲ್ಲಿದ್ದವಳನ್ನು ಗಂಡನೇ ಕೊಂದ. ತುಮಕೂರಿನ ಕೋರ್ಟು ಅವನಿಗೆ ಗಲ್ಲು ಅಂದ ದಿನ, ಮುಚ್ಚುಮರೆ ಯಾಕೆ, ನನ್ನ ಹೊಟ್ಟೆ ತಣ್ಣಗಾಗಿತ್ತು. ಆಮೇಲೆ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಕೊಂದವನು ಉಂಡುಕೊಂಡಿರಬೇಕು, ನನ್ನ ತಂಗಿ ಮಣ್ಣಲ್ಲಿರಬೇಕು, ಇದ್ಯಾವ ನ್ಯಾಯ ಎಂದು ಕಂಡಕಂಡವರ ಮುಂದೆಲ್ಲ ಕೂಗಾಡಿದೆ. ಸುಪ್ರೀಂ ಕೋರ್ಟಿಗೆ ಹೋಗೋಣ, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದರು ಲಾಯರು.

ಅವ್ವನನ್ನು ಕೇಳಲು ಕುಣಿಗಲ್ ಹತ್ತಿರದ ಕೊತ್ತಗೆರೆಗೆ ಹೋದಾಗ ಮನೆಯಲ್ಲಿ ಪಿತೃಪಕ್ಷದ ಅಡುಗೆ ನಡೆದಿತ್ತು. ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ, ಎಲೆ ಹಾಕಿ ಎಡೆ ಇಡುವುದು ನಮ್ಮಲ್ಲಿ ವಾಡಿಕೆ. ಮದುವೆಯಾದವಳ ಎಡೆ ಗಂಡನ ಮನೆಯಲ್ಲಿ ಆಗಬೇಕು. ಆ ಮನೆಗೆ ಬೀಗ ಬಿದ್ದಿದೆ. ಹಾಗಾಗಿ ತಂಗಿಯ ಎಲೆ ನಮ್ಮ ನಡುಮನೆಯಲ್ಲೇ. ಬಡಿಸುವವಳು ಅವಳ ಮಗಳು. ಆಗ ಪುಟ್ಟ ಮಗು, ಈಗ ಹೈಸ್ಕೂಲು ಓದುತ್ತಾಳೆ.

ವಿಷಯ ತೆಗೆದೆ. ಒಬ್ಬಟ್ಟು ತಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಲಿಲ್ಲ.

“ಬ್ಯಾಡ ಕಣಪ್ಪ.”

“ಏನವ್ವ ಹಿಂಗಂತೀಯ? ಗಲ್ಲು ಅಂದಾಗ ದೇವ್ರಿಗೆ ಕಾಯಿ ಒಡೆದೋಳು ನೀನೇ ಅಲ್ವಾ?”

“ಒಡ್ದೆ. ಆಗ ಯೋಚ್ನೆ ಬರ್ನಿಲ್ಲ. ಅವ್ನು ಸತ್ರೆ ಈ ಹುಡ್ಗಿ ಅವ್ನಿಗೂ ಎಡೆ ಇಡ್ಬೇಕು. ಎಷ್ಟಾದ್ರೂ ಹೆತ್ತಪ್ಪ. ಆ ಮನೇಲಿ ಇನ್ಯಾರವ್ರೆ? ಇಲ್ಲೇ ಇಡ್ತಾಳೆ, ನನ್ ಮಗಳ ಎಲೆ ಪಕ್ಕದಾಗೆ. ಸತ್ ಮೇಲೂ ಅವ್ಳು ಅವ್ನ ಜೊತೇಲಿ ಉಣ್ಬೇಕಾ? ಬದುಕ್ಕಂಡು ಅಲ್ಲೇ ಬಿದ್ದಿರ್ಲಿ ಬುಡು.”

“ಅವ್ನೂ ಒಂದಿನ ಸಾಯ್ತಾನಲ್ಲವ್ವ.”

“ಅಷ್ಟೊತ್ಗೆ ನಾನಿರಾಕಿಲ್ಲ.”

ನನಗೆ ರೇಗಿತು. ಕೋರ್ಟು ಕಚೇರಿಗಳೆಲ್ಲ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಈಕೆ ಬಾಳೆಲೆಯ ಮೇಲೆ ತೀರ್ಮಾನ ಮಾಡುತ್ತಾಳಲ್ಲ ಎಂದುಕೊಂಡೆ. ಅದನ್ನು ಅಂದೇಬಿಡುತ್ತಿದ್ದೆ, ಅಷ್ಟರಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು:

“ಮಾವ, ಅಪ್ಪಂಗೆ ಏನಿಷ್ಟ?”

ಅಪ್ಪ ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ಉತ್ತರ ಗೊತ್ತಿತ್ತು. ಅವ್ವ ಒಲೆಯ ಕಡೆಗೇ ಮುಖ ಮಾಡಿಕೊಂಡು, “ಹಿದುಕಿದ ಬೇಳೆ ಸಾರು” ಅಂದಳು.

ಅವರೆಕಾಯಿ ಕಾಲದಲ್ಲಿ ಅಳಿಯ ಬರುತ್ತಾನೆಂದು ಬೆರಳು ನೋಯುವ ಹಾಗೆ ಕಾಳು ಹಿದುಕಿ, ಮಾಡಿ ಬಡಿಸಿದವಳು ಅವ್ವನೇ. ಅವಳ ಭುಜ ಅಲುಗುತ್ತಿತ್ತು. ನನಗೂ ಅಳು ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಲಾಯರಿಗೆ ಫೋನು ಮಾಡಿದೆ. “ಬೇಡ ಸಾರ್, ಬದುಕಿರಲಿ” ಎಂದೆ.