ಅಧ್ಯಕ್ಷರ ಕೊನೆಯ ಟಾಕಾ

ಕಳೆದ ರವಿವಾರ ಬ್ಯಾಡಗಿಯ ಸಭೆಗೆ ನಾನು ಸ್ವಲ್ಪ ತಡವಾಗಿ ಹೋದೆ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು… ಬೆಸುಗೆಗೆ ಕಾಯಿಸಿದ ರಾಳದ ಹೊಗೆ, ಅದರ ಬೆನ್ನಿಗೇ ಮೆಣಸಿನಕಾಯಿಯ ಘಾಟು. ಇವೆರಡೂ ಕೂಡಿ ಬರುವ ವಾಸನೆ ಬೇರೆ ಊರಲ್ಲಿ ಸಿಗಲಿಕ್ಕಿಲ್ಲ. ಬ್ಯಾಡಗಿಯಲ್ಲಿ ಯಾವ ಟಿವಿ, ಯಾವ ಮಿಕ್ಸರ್ ಬಿಚ್ಚಿದರೂ ಒಳಗೆ ಮೊದಲು ಕಾಣುವುದು ಕೆಂಪು ದೂಳು. ರಿಪೇರಿಗೆ ಕೂತವನು ಮೊದಲು ಸೀನಬೇಕು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಬೇಕು. ನಾನೂ ಮೆಟ್ಟಿಲ ಮೇಲೆಯೇ ಎರಡು ಸಲ ಸೀನಿದೆ. ಕಿವಿಯಲ್ಲಿ ಒಂದು ಹಳೆಯ ದನಿ ಎದ್ದಿತು: “ಎರಡ ಆದ್ವು. ಮೂರನೇದ್ದು ಬರೂತನಕ ಬೆಸುಗಿ ಕಡ್ಡಿ ಮುಟ್ಟಬ್ಯಾಡ.”

ಅದು ನಮ್ಮ ಹಿಂದಿನ ಅಧ್ಯಕ್ಷರ ಮಾತು.

ಮನೆಬಳಕೆಯ ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಘ ಎಂದರೆ ಕೇಳಲಿಕ್ಕೆ ದೊಡ್ಡ ಹೆಸರು. ನಮ್ಮ ಜಿಲ್ಲೆಯ ಶಾಖೆ ಎಂದರೆ ಮಾತ್ರ ಹದಿನೈದಿಪ್ಪತ್ತು ಮಂದಿ, ಮೂರು ಊರು, ಒಂದು ಮೇಜು. ಅಧ್ಯಕ್ಷರದು ಬ್ಯಾಡಗಿ, ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ ರೇಡಿಯೋ, ಟಿವಿ ರಿಪೇರಿಯ ಅಂಗಡಿ ಇತ್ತು. ಖಜಾಂಚಿಯವರದು ರಾಣೆಬೆನ್ನೂರು, ಮದುವೆಗಳಿಗೆ ಮೈಕು, ಆಂಪ್ಲಿಫೈಯರ್ ಕೊಡುವವರು. ಹಾವೇರಿಯ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವ ನಾನು ಕಾರ್ಯದರ್ಶಿ. ಮೂವರಿಗೂ ಸಂಬಳವಿಲ್ಲ, ಸಾರಿಗೆ ಖರ್ಚಿಲ್ಲ, ಒಂದು ಶಾಲೂ ಇಲ್ಲ. ತಿಂಗಳಿಗೊಂದು ರವಿವಾರ, ಒಂದೊಂದು ಸಲ ಒಂದೊಂದು ಊರಲ್ಲಿ ಸೇರುತ್ತಿದ್ದೆವು. ಯಾರಾದರೊಬ್ಬರು ಹೊಸದೊಂದು ವಿಷಯ ಹೇಳುತ್ತಿದ್ದರು. ಆಮೇಲೆ ಊರಿನವರು ತಂದ ಕೆಟ್ಟ ಸಾಮಾನು ಬಿಚ್ಚಿ ಕೂಡುತ್ತಿದ್ದೆವು.

ಬೇರೆ ಸಂಘಗಳಲ್ಲಿ ದೀಪ ಬೆಳಗಿಸಿ ಸಭೆ ಶುರುಮಾಡುತ್ತಾರಲ್ಲ, ನಮ್ಮ ಅಧ್ಯಕ್ಷರಿಗೆ ಅದು ಸೇರುತ್ತಿರಲಿಲ್ಲ. “ದೀಪ ಮಾಡೂ ಮಂದಿ ನಾವು. ಕಡ್ಡಿಪೆಟಿಗಿ ಯಾಕ ಹುಡುಕೂನು?” ಎಂದು ಅವರೇ ಒಂದು ಪದ್ಧತಿ ಹಾಕಿದ್ದರು. ಪಾಟಿಯಷ್ಟು ಅಗಲದ ಒಂದು ಹಸಿರು ಸರ್ಕ್ಯೂಟ್ ಹಲಗೆ. ಸಭೆಯ ಮೊದಲಿಗೆ ಅಧ್ಯಕ್ಷರು ಅದಕ್ಕೆ ಕೆಂಪು ಎಲ್‌ಇಡಿ ದೀಪವೊಂದನ್ನು ಕೂಡಿಸಿ, ಹಿಂದಿನಿಂದ ಕಾಯಿಸಿದ ಕಡ್ಡಿಯಿಂದ ಸೀಸದ ಟಾಕಾ, ಅಂದರೆ ಬೆಸುಗೆ, ಹಾಕುವುದು. ಕೊನೆಗೆ ವಂದನಾರ್ಪಣೆ ಮುಗಿದ ಮೇಲೆ ಅವರೇ ಗುಂಡಿ ಒತ್ತುವುದು. ಹಳೆಯ ದೀಪಗಳ ಜೊತೆಗೆ ಈ ತಿಂಗಳದ್ದೂ ಹತ್ತಿಕೊಳ್ಳುತ್ತಿತ್ತು. ತಿಂಗಳಿಗೊಂದು ದೀಪ. ನಮ್ಮ ಶಾಖೆಯ ಚರಿತ್ರೆ ಅಂದರೆ ಅದೇ.

ಅವರ ಟಾಕಾ ನೋಡಬೇಕಿತ್ತು ನೀವು. ಜೋಳದ ಕಾಳಿನಷ್ಟು, ಕಾಳಿಗೊಂದು ಹೊಳಪು, ಎಲ್ಲವೂ ಒಂದೇ ಅಳತೆ. ನನ್ನದು ದಪ್ಪ, ಒಡ್ಡೊಡ್ಡು. ಅವರಿಗೆ ಅದು ನಗೆಯ ವಿಷಯ.

ಅವರ ಕೈ ನಡುಗುವುದನ್ನು ನಾನು ಮೊದಲು ಕಂಡದ್ದು ಹಾವೇರಿಯ ಸಭೆಯಲ್ಲಿ. ಬಸಿಯಲ್ಲಿ ಕಪ್ಪು ಕಟಕಟ ಎಂದಿತು. ಅವರೇನೂ ಮುಚ್ಚಿಡಲಿಲ್ಲ. “ಹುಬ್ಬಳ್ಳಿ ಡಾಕ್ಟರ್ ಹೇಳ್ಯಾರ, ಈ ಕೈ ಒಂದಿನ ಮಾತು ಕೇಳೂದು ಬಿಡ್ತೈತಂತ. ಯಾವತ್ತು ಅಂತ ಅವರಿಗೂ ಗೊತ್ತಿಲ್ಲ. ನನಗ ಈ ದೀಪ ಹೇಳ್ತೈತಿ. ಯಾವತ್ತ ಹತ್ತೂದಿಲ್ಲೋ, ಅವತ್ತ ಕುರ್ಚಿನೂ ಬಿಟ್ಟೆ, ಅಂಗಡಿನೂ ಬಿಟ್ಟೆ.”

ಖಜಾಂಚಿ ನಗಿಸಲು ನೋಡಿದರು. “ಬಿಡ್ರಿ ಸಾಹೇಬ್ರ. ನಿಮ್ಮ ಕೈ ನಡುಗಿದ್ರ ಆ ದೀಪಾನ ಹೆದರಿ ತಾನ ನೆಟ್ಟಗ ಕುಂದ್ರತೈತಿ.” ಅಧ್ಯಕ್ಷರೂ ನಕ್ಕರು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಎರಡು ಮೂರು ತಿಂಗಳಾಗಿರಬೇಕು. ರಾಣೆಬೆನ್ನೂರಿನ ಸಭೆ. ಅವರು ಟಾಕಾ ಹಾಕಿ ಹಲಗೆಯನ್ನು ನನ್ನ ಕೈಗೆ ಕೊಟ್ಟರು. ತಿರುಗಿಸಿ ನೋಡಿದೆ… ಸೀಸ ಮಂಕಾಗಿ ಕೂತಿತ್ತು, ಬೂದಿಯ ಬಣ್ಣ. ಬೆರಳು ಸೋಕಿದರೆ ದೀಪದ ತಂತಿಕಾಲು ಅಲುಗುತ್ತಿತ್ತು. ಹತ್ತುವ ದೀಪವಲ್ಲ ಅದು. ತಲೆ ಎತ್ತಿದರೆ ಖಜಾಂಚಿ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಭಾಷಣ ಮುಗಿದದ್ದೇ ತಡ, “ಸಾಹೇಬ್ರ, ಕೆಳಗ ಗಿರ್ಮಿಟ್ ಮಾಡಾಕತ್ತಾರ, ಬಿಸಿ ಐತಿ, ಲಗೂ ಬರ್ರಿ” ಎಂದು ಖಜಾಂಚಿ ಅಧ್ಯಕ್ಷರ ತೋಳು ಹಿಡಿದು ಕರೆದುಕೊಂಡು ಹೋದರು; ಉಳಿದವರೂ ಹಿಂದೆಯೇ ಇಳಿದರು. ನಾನು ಕಡ್ಡಿ ಕಾಯಿಸಿ, ಆ ಸೀಸ ಕರಗಿಸಿ ತೆಗೆದು ನನ್ನದೊಂದು ಟಾಕಾ ಹಾಕಿದೆ. ಒಂದೇ ನಿಮಿಷದ ಕೆಲಸ.

ಕೊನೆಗೆ ಗುಂಡಿ ಒತ್ತಿದಾಗ ಎಲ್ಲ ದೀಪಗಳೂ ಹತ್ತಿದವು. ಅಧ್ಯಕ್ಷರು ಸಣ್ಣ ಹುಡುಗರಂತೆ ನಮ್ಮಿಬ್ಬರ ಕಡೆ ತಿರುಗಿ, “ಏನ್ರಪಾ, ಐತಿಲ್ಲೋ ಇನ್ನೂ ಕೈ?” ಅಂದರು.

ಒಂದು ಸಲಕ್ಕೆ ಎಂದು ಮಾಡಿದ್ದು ಅದು. ಆದರೆ ಮುಂದಿನ ತಿಂಗಳೂ ಅದೇ, ಅದರ ಮುಂದಿನ ತಿಂಗಳೂ ಅದೇ. ಸುಳ್ಳೇಕೆ ಹೇಳಲಿ, ಅದರಲ್ಲಿ ನಮ್ಮ ಸ್ವಾರ್ಥವೂ ಇತ್ತು. ಅವರು ಬಿಟ್ಟರೆ ಆ ಕುರ್ಚಿಗೆ ಬರಲು ಯಾರೂ ತಯಾರಿರಲಿಲ್ಲ, ನಾನಂತೂ ಮೊದಲೇ ಇಲ್ಲ. ಅವರಿದ್ದರೆ ಮಂದಿ ಬರುತ್ತಿದ್ದರು. ಆಮೇಲಾಮೇಲೆ ಟಾಕಾ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದನ್ನೂ ಬಿಟ್ಟೆ. ಒಂದು ಚಹಾ ಕುಡಿಯುವಷ್ಟು ಸಮಯ. ನೋಡುತ್ತ ಕೂತರೆ ಅವರು ಬಂದುಬಿಡುತ್ತಿದ್ದರು. ಅವರು ಕೆಳಗಿಳಿದರೆಂದರೆ ನನ್ನ ಕೈ ತಾನೇ ಕಡ್ಡಿಗೆ ಹೋಗುತ್ತಿತ್ತು.

ಹಲಗೆ ಸಾಮಾನ್ಯವಾಗಿ ನನ್ನ ಹತ್ತಿರವೇ ಇರುತ್ತಿತ್ತು. ಒಮ್ಮೆ ಬ್ಯಾಡಗಿಯ ಸಭೆಯಾದ ಮೇಲೆ, “ದೂಳು ಹೊಡದು ಕೊಡ್ತೇನಿ, ಇಲ್ಲೇ ಇರ್ಲಿ” ಎಂದು ಅವರು ಇಟ್ಟುಕೊಂಡರು. ಬೇಡವೆಂದು ಹೇಗೆ ಅನ್ನಲಿ? ಹಲಗೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ನಾಲ್ಕನೆಯ ದಿನ ಫೋನ್ ಬಂತು. “ನಾಳಿ ಬಾ. ಒಬ್ಬನ ಬಾ.”

ಬಾಗಿಲಲ್ಲಿ ಅವರ ಮನೆಯವರು ನಿಂತಿದ್ದರು. “ಮೂರು ದಿನ ಆತು, ಅಂಗಡಿ ಕದ ತಗದಿಲ್ಲ. ಆ ಹಲಗಿ ಹಿಡ್ಕೊಂಡ ಕುಂತಾರ. ಏನಾಗೇತ್ರಿ?” ನಾನು ಚಪ್ಪಲಿ ಬಿಟ್ಟೆ. ಒಳಗೆ ಹೋದೆ.

ಅವರು ಹಲಗೆಯನ್ನು ಬೋರಲು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದಿದ್ದರು. ಕನ್ನಡಿಯೂ ನಡುಗುತ್ತಿತ್ತು. ಒಂದು ಟಾಕಾದ ಮೇಲೆ ಬೆರಳಿಟ್ಟು, “ಇದು ಯಾರ್ದು?” ಎಂದು ಕೇಳಿದರು.

ನಾನು ಬಾಗಿ ನೋಡಿದೆ.

“ನಿಂದು. ನಿನ್ನ ಟಾಕಾ ಬೂಂದಿ ಲಾಡು ಕಂಡಂಗ ಇರ್ತೈತಿ. ಎಷ್ಟ ಬೈದರೂ ಸುಧಾರ್ಸಲಿಲ್ಲ ನೀ.” ನಕ್ಕರು. ಆ ನಗೆಗೆ ನಾನು ಹೆದರಿದೆ. “ಇದೂ ನಿಂದು. ಇದೂ. ಇಲ್ಲಿಂದ ಈ ಕಡೆ ಎಲ್ಲಾ ನಿಂದ.”

“ನಿಮಗ ಬ್ಯಾಸರ ಆಗಬಾರ್ದು ಅಂತ…”

“ಅದನ್ನ ಕೇಳಾಕತ್ತಿಲ್ಲ ತಮ್ಮಾ. ನಿನ್ನ ಮ್ಯಾಲೆ ಸಿಟ್ಟಿಲ್ಲ. ಒಂದ ಹೇಳು. ಇದರಾಗ ಖರೇನ ಕೆಟ್ಟಿದ್ವು ಎಷ್ಟು? ನನ್ನ ಕೈ ಯಾವ ತಿಂಗಳ ಹೋತು? ನಂದು ಕಡೀ ಚಲೋ ಟಾಕಾ ಯಾವ್ದು?”

ನನಗೆ ಗೊತ್ತಿರಲಿಲ್ಲ. ರಾಣೆಬೆನ್ನೂರಿನದು ಕೆಟ್ಟಿತ್ತು, ಅದು ಖರೆ. ಉಳಿದವು? ಅವುಗಳಲ್ಲಿ ಎರಡೋ ಮೂರೋ ನೆಟ್ಟಗೇ ಇದ್ದಿರಬಹುದು. ನೋಡದೆಯೇ ಕರಗಿಸಿ ಎಳೆದು ಒಗೆದಿದ್ದೆ. ನೆಲ ನೋಡುತ್ತ, “ಗೊತ್ತಿಲ್ರಿ” ಅಂದೆ.

“ಗೊತ್ತಿಲ್ಲ…” ಎಂದು ಅವರೂ ಅಂದರು. ಭೂತಗನ್ನಡಿ ಕೆಳಗಿಟ್ಟರು. “ತಿಂಗಳಾ ದೀಪ ಹತ್ತಿದ್ದ ನೋಡಿ ನಾ ಅಂಗಡಿ ಕದ ತಗೀತಿದ್ನೆಲ್ಲೋ. ಮಂದಿ ಸಾಮಾನಿಗೆ ಕೈ ಹಚ್ಚತಿದ್ನೆಲ್ಲೋ.”

ಆಮೇಲೆ ತಿಳಿಯಿತು: ಆ ತಿಂಗಳುಗಳಲ್ಲಿ ತಮ್ಮ ಕೈಯಿಂದ ರಿಪೇರಿಯಾಗಿ ಹೋದ ಮನೆಮನೆಗೂ ಅವರು ಫೋನ್ ಮಾಡಿದ್ದರಂತೆ. ಮೋಟೆಬೆನ್ನೂರಿನ ತನಕ. “ಮಿಕ್ಸರ್ ನಡದೈತೇನ್ರಿ? ಶಾಕ್ ಏನರ ಹೊಡೀತೈತೇನ್ರಿ?” ಎಂದು ಒಬ್ಬೊಬ್ಬರನ್ನೂ ಕೇಳಿದ್ದರಂತೆ.

ಅವರು ಕುರ್ಚಿ ಬಿಡುವುದಾಗಿ ಹೇಳಿದ ಸಭೆ ಬ್ಯಾಡಗಿಯಲ್ಲೇ, ಇದೇ ಮಾಳಿಗೆಯ ಕೋಣೆಯಲ್ಲೇ ಆಯಿತು. ಮಾತು ಹೆಚ್ಚು ಆಡಲಿಲ್ಲ. ಕಡ್ಡಿ ಕೇಳಿದರು. ಎಡಗೈಯಿಂದ ಬಲ ಮುಂಗೈಯನ್ನು ಅದುಮಿ ಹಿಡಿದು ಹಲಗೆಯ ಮೇಲೆ ಬಾಗಿದರು. ಸೀಸ ಒಂದು ಕಡೆ, ಕಡ್ಡಿ ಒಂದು ಕಡೆ… ರಾಳದ ಹೊಗೆ ಎದ್ದು ಎಲ್ಲರೂ ಸೀನತೊಡಗಿದರು. ಅವರೊಬ್ಬರು ಸೀನಲಿಲ್ಲ, ಉಸಿರು ಹಿಡಿದಿದ್ದರು. ಎಷ್ಟು ಹೊತ್ತಾಯಿತೋ. ಮುಗಿಸಿ ತಲೆ ಎತ್ತಿದಾಗ ಖಜಾಂಚಿ ಚಾಳಿಯಿಂದ ಅರ್ಧ ಎದ್ದು, “ಸಾಹೇಬ್ರ, ಚಹಾ…” ಎಂದರು.

“ಕುಂದರ್ ನೀ. ಇವತ್ತ ಯಾರೂ ಚಹಾಕ್ಕ ಹೋಗೂದಿಲ್ಲ.”

ಖಜಾಂಚಿ ಕೂತರು. ಅಧ್ಯಕ್ಷರು ವಂದನಾರ್ಪಣೆಗೂ ಕಾಯದೆ ಗುಂಡಿ ಒತ್ತಿದರು. ಸಾಲಾಗಿ ಎಲ್ಲವೂ ಹತ್ತಿದವು. ಕೊನೆಯದು ಹತ್ತಲಿಲ್ಲ.

ಅವರು ಅದನ್ನು ಹೆಬ್ಬೆರಳಿಂದ ಸವರಿದರು. “ಹಂಗ ಇರ್ಲಿ. ಇದಂತೂ ಖರೇನ ನಂದು.” ನನ್ನ ಕಡೆ ತಿರುಗಿ, “ಬರಕೋ ಕಾರ್ಯದರ್ಶಿ. ಈ ತಿಂಗಳ ದೀಪ ಹತ್ತಲಿಲ್ಲ” ಅಂದರು. ಬರೆದೆ.

ಮುಂದೆ ಆ ಕುರ್ಚಿ ನನಗೇ ಬಂತು. ಕೆಲವು ಸಲ ಅವರನ್ನು ನೋಡಲು ಹೋಗಿದ್ದೆ. ಕೊನೆಕೊನೆಗೆ ಅವರಿಗೆ ಮಾತೂ ಆಗುತ್ತಿರಲಿಲ್ಲ, ನಾನು ಕೈ ಹಿಡಿದು ಕೂತಿದ್ದು ಬರುತ್ತಿದ್ದೆ. ಅವರು ಹೋದ ಮೇಲೂ ತಿಂಗಳಿಗೊಂದು ದೀಪ ಹಾಕುತ್ತ ಬಂದೆವು. ಸಾಲಿನ ನಡುವೆ ಆ ಒಂದು ಮಾತ್ರ ಆರಿದ್ದೇ. ಯಾಕೆಂದು ಹೊಸಬರಿಗೆ ನಾನು ಹೇಳಲಿಲ್ಲ. ಹೇಳಬೇಕೆಂದರೆ ನಾವಿಬ್ಬರು ಮಾಡಿದ್ದನ್ನೂ ಹೇಳಬೇಕಿತ್ತಲ್ಲ…

ಕಳೆದ ರವಿವಾರ ಆ ವಾಸನೆ ಹಿಡಿದು ಮೇಲೆ ಹೋದೆ. ಈ ವರ್ಷ ಕಾರ್ಯದರ್ಶಿಯಾಗಿರುವ ಹೆಣ್ಣುಮಗಳು, ನಮ್ಮ ಕಾಲೇಜಿನಲ್ಲೇ ಪಾಠ ಹೇಳುವಾಕೆ, ಬಹಳ ಹುರುಪಿನವಳು, ಕಡ್ಡಿಯನ್ನು ಸ್ಟ್ಯಾಂಡಿಗೆ ಇಡುತ್ತಿದ್ದಳು. ಮುಂದೆ ಹಲಗೆ.

“ನೋಡ್ರಿ ಸರ, ಎಷ್ಟ ದಿನದಿಂದ ಒಂದು ದೀಪ ಸತ್ತಂಗ ಇತ್ತು. ಯಾರೋ ಭಾಳ ಕೆಟ್ಟ ಟಾಕಾ ಹಾಕಿದ್ರು. ಅದನ್ನ ತಗದು ಹೊಸಾದು ಹಾಕೇನಿ. ಈಗ ಎಲ್ಲಾ ಹತ್ತತಾವು!”

ಮೂಲೆಯಲ್ಲಿ ಕೂತಿದ್ದ ಖಜಾಂಚಿ ಎದ್ದು ನನ್ನ ಹತ್ತಿರ ಬಂದರು. ಮೆಲ್ಲಗೆ, “ನಾ ಬರೂದ್ರಾಗ ಮುಗಿಸಿದ್ಲು. ಪಾಪ, ಆಕೀಗೆ ಏನೂ ಅನಬ್ಯಾಡ್ರಿ” ಅಂದರು.

ಏನನ್ನಲಿ? “ಚಲೋ ಆತವಾ” ಅಂದೆ. ಸ್ವಲ್ಪ ಬಿಟ್ಟು, “ತಗದಿದ್ದ ಸೀಸ ಎಲ್ಲೈತಿ?” ಎಂದು ಕೇಳಿದೆ. ಆಕೆ ಕಡ್ಡಿ ಒರೆಸುವ ಒದ್ದೆ ಸ್ಪಂಜನ್ನು ತೋರಿಸಿದಳು. ಅದರ ಮೇಲೆ ಸೀಸದ ಹನಿಗಳು ಹತ್ತಾರು ಅಂಟಿಕೊಂಡಿದ್ದವು, ಕೆಲವಕ್ಕೆ ಕೆಂಪು ದೂಳು ಮೆತ್ತಿತ್ತು. ಕನ್ನಡಕ ಏರಿಸಿ, ಬಾಗಿ, ಒಂದೊಂದನ್ನೇ ನೋಡಿದೆ. ಅವರದು ಯಾವುದೆಂದು ಈ ಸಲವೂ ನನಗೆ ಗೊತ್ತಾಗಲಿಲ್ಲ.

ವಂದನಾರ್ಪಣೆ ಆಯಿತು. ಗುಂಡಿ ಒತ್ತುವುದು ಅಧ್ಯಕ್ಷರ ಕೆಲಸ. ಒತ್ತಿದೆ. ಈ ಕೊನೆಯಿಂದ ಆ ಕೊನೆಯವರೆಗೆ ಒಂದೂ ಬಿಡದೆ ಹತ್ತಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.